ಅಂಗಡಿ ಕಟ್ಟೆಯ ಮಾತು: ಮೈ-ಕೈಯಲ್ಲಿ ಒಂದು ರಾತ್ರಿ



ಎರಡು ತಿಂಗಳು ಈ ಅಂಕಣ ಬರಲಿಲ್ಲವೆಂದು ಕೆಲವರು ಸಂಪಾದಕರಲ್ಲಿ ವಿಚಾರಿಸಿದರಂತೆ. ಜತ್ತದ ಬಂಧುವೊಬ್ಬರು "ಅಕ್ಕಲಕೋಟದವರು ಅಂಗಡಿ ಕೊಟ್ಟು ಮಗನ ಕಡೆ ಹೋಗಿಬಿಟ್ಟರೇನು?" ಎಂದೂ ಕೇಳಿದರಂತೆ. ಮಗನ ಕಡೆ ಹೋದದ್ದು ನಿಜ. ಅಂಗಡಿಯ ಮಾತು ಮುಂದೆ ಬರುತ್ತದೆ.

2025ರ ಮೇ ತಿಂಗಳಲ್ಲಿ ನಾವು ಮತ್ತು ನಮ್ಮ ಮನೆಯವರು ಅಮೇರಿಕೆಯ ಫ್ಲಾರಿಡಾಕ್ಕೆ ಹೋದೆವು. ಅಲ್ಲಿ ಬೋಕಾ ರಟೋನ್ ಎಂಬ ಊರಿನಲ್ಲಿ ಮಗ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಹೋಗಿ ಹದಿನಾಲ್ಕು ವರ್ಷವಾಯಿತು. ಒಂಬತ್ತು ವರ್ಷದ ಮೊಮ್ಮಗನನ್ನು ಕಣ್ತುಂಬ ನೋಡುವುದು ಒಂದು ಕೆಲಸ. ಅಂಗಡಿಯನ್ನು ಇಡುವುದೋ ಕೊಡುವುದೋ ಎಂದು ಮಗನ ಬಾಯಿಂದಲೇ ಒಂದು ಮಾತು ಕೇಳುವುದು ಇನ್ನೊಂದು. ನಮ್ಮ ತೀರ್ಥರೂಪರು 1958ರಲ್ಲಿ ಅಕ್ಕಲಕೋಟದಲ್ಲಿ ಹಾಕಿದ ಬಟ್ಟೆ ಅಂಗಡಿ ಅದು. ಮೂರು ಮಳೆಗಾಲದಿಂದ ಗಲ್ಲಾದ ಮೇಲಿನ ಪತ್ರಾ ಸೋರುತ್ತಿದೆ. "ಬುಟ್ಟಿ ಇಡ್ರಿ, ಕೊಡೂ ಅಂಗಡಿಗಿ ಯಾಕ ಖರ್ಚು" ಎಂದು ಕೆಲಸದವರಿಗೆ ಹೇಳಿ ವಿಮಾನ ಹತ್ತಿದ್ದೆವು. ಅಲ್ಲಿಗೆ ಹೋಗಿ ಮೂರು ವಾರವಾದರೂ ಆ ಮಾತು ಮಾತ್ರ ಯಾರ ಬಾಯಿಂದಲೂ ಹೊರಡಲಿಲ್ಲ. ನಾವು ಶುರು ಮಾಡಿದರೆ ಮಗ "ನಾಳೆ ಮಾತಾಡೂಣಪ್ಪಾ" ಎನ್ನುವನು. ಅವನು ಶುರು ಮಾಡುವಂತೆ ಕಂಡರೆ ನಾವೇ ಎದ್ದು ಹೋಗುವೆವು.

ಹೀಗಿರುವಾಗ ಜೂನಿನಲ್ಲಿ ಮಗ-ಸೊಸೆಯರ ಮದುವೆಯ ದಿನ ಬಂತು. ಹನ್ನೆರಡು ವರ್ಷ ತುಂಬಿತು, ಎಲ್ಲರೂ ಕೂಡಿ ಹೊರಗೆ ಊಟಕ್ಕೆ ಹೋಗೋಣ ಎಂದರು. ಎಲ್ಲಿಗೆ ಎಂದರೆ "ಮೈ-ಕೈ" ಎಂದರು.

"ಶುಭ ದಿನಾ ಮೈ-ಕೈ ನೋವಿನ ದವಾಖಾನಿಗಿ ಯಾಕ?" ಎಂದರು ನಮ್ಮ ಮನೆಯವರು. ಮೊಮ್ಮಗ ಬಿದ್ದು ಬಿದ್ದು ನಕ್ಕ.

ಮೈ-ಕೈ ಎಂಬುದು ಫೋರ್ಟ್ ಲಾಡರ್‌ಡೇಲ್ ಊರಿಗೆ ಹತ್ತಿದ ಹೆದ್ದಾರಿಯ ಮೇಲಿರುವ ದೊಡ್ಡ ಊಟದ ಮನೆಯ ಹೆಸರು. ಹವಾಯಿ ಜನರ ಮಾತಿನಲ್ಲಿ 'ಮೈಕಾಯಿ' ಎಂದರೆ ಒಳ್ಳೆಯದು ಎಂದರ್ಥ. ಹವಾಯಿ, ತಾಹಿತಿ, ಸಮೋವಾ, ಟೋಂಗಾ ಮೊದಲಾದ ಶಾಂತ ಮಹಾಸಾಗರದ ದ್ವೀಪಗಳಿಗೆಲ್ಲ ಸೇರಿ ಪಾಲಿನೇಷಿಯಾ ಎನ್ನುತ್ತಾರೆ. ಆ ದ್ವೀಪಗಳ ಹಾಗೆ ಮನೆ ಕಟ್ಟಿ, ಉಣ್ಣುವವರ ಎದುರಿಗೆ ಆ ದ್ವೀಪಗಳ ಕುಣಿತ ಕುಣಿಸುವ ಜಾಗ ಇದು. ಬಾಗಿಲು ತೆರೆದದ್ದು 1956ರ ಡಿಸೆಂಬರ್ 28ರಂದು. ಅದೇ ವರ್ಷ ನವೆಂಬರ್ 1ಕ್ಕೆ ಭಾಷಾವಾರು ಪ್ರಾಂತಗಳಾಗಿ ನಮ್ಮ ಸೊಲ್ಲಾಪುರ, ಅಕ್ಕಲಕೋಟಗಳು ಗೆರೆಯ ಆಚೆ ಉಳಿದದ್ದು ವಾಚಕರಿಗೆ ನೆನಪಿರಬಹುದು. ನಮ್ಮ ಅಂಗಡಿಗಿಂತ ಎರಡು ವರ್ಷ ಹಿರಿಯ ಅಂಗಡಿ ಎಂಬ ಒಂದೇ ಮಾತಿಗೆ ನಮಗೆ ಅದರ ಮೇಲೆ ಸ್ವಲ್ಪ ಮನಸ್ಸಾಯಿತು.

ಆದರೆ ಆಮೇಲೆ ಕೇಳಿದ್ದು ಬೇರೆ. ಅಲ್ಲಿ ಮಾಂಸ ಬೇಯುತ್ತದೆ, ಮದ್ಯ ಹರಿಯುತ್ತದೆ, ಎಲೆ-ನಾರಿನ ಲಂಗ ಉಟ್ಟು ಕುಣಿಯುತ್ತಾರೆ, ಇಷ್ಟೆಲ್ಲ ಆಗುವುದು ರಾತ್ರಿ. ನಾವು ನೆಟ್ಟಗೆ "ನಾವು ಬರೂದಿಲ್ಲ" ಎಂದೆವು. ಸೊಸೆ ಸಿಟ್ಟಾಗಲಿಲ್ಲ. ಗೋಡೆಯ ಮೇಲಿನ ತೂಗುಪಂಚಾಂಗ ತೋರಿಸಿ "ಮಾವಾರ, ಇಲ್ಲಿ ಜೂನಿನ್ಯಾಗ ಹೊತ್ತು ಮುಣುಗೂದು ಎಂಟೂ ಕಾಲಿಗಿರಿ. ಆರೂವರಿಗೆ ಮೇಜು ಹೇಳೀನಿ. ಹೊತ್ತಿರ್ತಾನೇ ನಿಮ್ಮ ಊಟ ಆಗ್ತದ. ಉಳ್ಳಾಗಡ್ಡಿ, ಬಳ್ಳೊಳ್ಳಿ, ನೆಲದಾಗಿನ ಗಡ್ಡಿ ಯಾವೂ ಬ್ಯಾಡ ಅಂತ ಮೂರು ಸಲ ಫೋನ್ ಮಾಡಿ ಹೇಳೀನ್ರಿ" ಎಂದಳು.

ಇಷ್ಟು ಲೆಕ್ಕ ಮಾಡಿದ ಮೇಲೆ ಹಿರಿಯರಾದವರು ಸುಮ್ಮನೆ ಎದ್ದು ಕೋಟು ಹಾಕಬೇಕಿತ್ತು. ನಾವು ಹಾಗೆ ಮಾಡಲಿಲ್ಲ. ಹೊರಡುವ ಹೊತ್ತಿಗೆ ಮತ್ತೆ ತಕರಾರು ತೆಗೆದೆವು. ಮಾಂಸ ಬೇಯುವ ಮನೆಯ ಪಾತ್ರೆ ಎಂದೆವು, ಊರಿಗೆ ತಿಳಿದರೆ ಎಂದೆವು. ಕಡೆಗೆ ಮನೆಯವರು "ಮಕ್ಕಳ ಹಬ್ಬ ಅದ, ನಿಮ್ಮದಲ್ಲ" ಎಂದಾಗ ಎದ್ದು, ಧೋತರ ಸರಿಯಾಗಿ ಇಸ್ತ್ರಿಯಾಗಿಲ್ಲ ಎಂದು ಇನ್ನೊಂದು ಉಟ್ಟು, ಟೋಪಿ ಹುಡುಕಿ, ಮುಕ್ಕಾಲು ತಾಸು ಕಳೆದೆವು. ಮೇಲೆ ಫ್ಲಾರಿಡಾದ ಜೂನ್ ಮಳೆ. ರಸ್ತೆಯೆಲ್ಲ ಮೋಟಾರುಗಳು ಇರುವೆ ಸಾಲಿನ ಹಾಗೆ. ಸೊಸೆ ಗಾಡಿಯಿಂದಲೇ ಫೋನು ಮಾಡಿ ವೇಳೆ ಮುಂದಕ್ಕೆ ಹಾಕಿಸಿಕೊಂಡಳು. ನಮ್ಮ ಕಡೆ ತಿರುಗಿ ನೋಡಲಿಲ್ಲ.

ದಾರಿಯಲ್ಲಿ ಮಗ ಹೇಳಿದ್ದನ್ನೂ ಆಮೇಲೆ ನಾವು ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇವೆ. ಎರಡನೆಯ ಮಹಾಯುದ್ಧದಲ್ಲಿ ಅಮೇರಿಕೆಯ ಸಾವಿರಾರು ಸಿಪಾಯಿಗಳು ಆ ದ್ವೀಪಗಳ ಕಡೆ ಹೋಗಿ ಬಂದರು. ಬಂದವರ ಬಾಯಲ್ಲಿ ತೆಂಗಿನ ತೋಪು, ಸಮುದ್ರ, ಹಾಡು. ಯುದ್ಧಕ್ಕೆ ಮೊದಲೇ, 1933ರಲ್ಲಿ, ಹಾಲಿವುಡ್‌ನಲ್ಲಿ ಡಾನ್ ದ ಬೀಚ್‌ಕೋಂಬರ್ ಎಂಬ ಹೆಸರಿನವನೊಬ್ಬ ಬಿದಿರು-ಚಾಪೆ ಕಟ್ಟಿ ಇಂಥ ಅಂಗಡಿ ತೆರೆದಿದ್ದ. ಯುದ್ಧದ ಮೇಲೆ ಇದೇ ಒಂದು ದೊಡ್ಡ ಗಾಳಿಯಾಗಿ ಊರೂರಿಗೆ ಬಂತು. ಶಿಕಾಗೋದಲ್ಲಿ ಡಾನನ ಅಂಗಡಿಯನ್ನು ನೋಡಿ ಮರುಳಾದ ಬಾಬ್ ಮತ್ತು ಜ್ಯಾಕ್ ಥಾರ್ನ್‌ಟನ್ ಎಂಬ ಅಣ್ಣ-ತಮ್ಮ ಫ್ಲಾರಿಡಾಕ್ಕೆ ಬಂದು ಮೈ-ಕೈ ಕಟ್ಟಿದರು. ವ್ಯಾಪಾರಸ್ಥರಿಗೆ ತಿಳಿಯುವ ಒಂದು ಮಾತು ಇಲ್ಲಿದೆ. ಅವರು ಬರೀ ಕಟ್ಟಡ ಕಟ್ಟಲಿಲ್ಲ, ಡಾನನ ಅಂಗಡಿಯಲ್ಲಿ ಪಳಗಿದ ಕೆಲಸಗಾರರನ್ನೇ ಕರೆತಂದರು. ಪಾನೀಯ ಬೆರೆಸುವಾತ ಮಾರಿಯಾನೋ ಲಿಕುಡಿನೆ ಎಂಬವನೂ ಹಾಗೆಯೇ ಬಂದವನು.

ಇನ್ನೊಂದು ಸೋಜಿಗ. ಪಾಲಿನೇಷಿಯಾದ ಊಟವೆಂದು ಆ ಕಾಲದ ಇಂಥ ಮನೆಗಳು ಬಡಿಸಿದ್ದು ಬಹುಮಟ್ಟಿಗೆ ಚೀನಾದ ಕ್ಯಾಂಟನ್ ಕಡೆಯ ಅಡುಗೆ. ಬೆರೆಸುವ ರಮ್ಮು ವೆಸ್ಟ್ ಇಂಡೀಸ್ ಕಡೆಯದು. ಮಾಲಿಕರು ಶಿಕಾಗೋದವರು. ಚೀಟಿ ಒಂದು, ಮಾಲು ಇನ್ನೊಂದು! ನಮ್ಮ ಪೇಟೆಯಲ್ಲಿ ಹೀಗೆ ಮಾಡಿದರೆ ಗಿರಾಕಿ ಮರುದಿನವೇ ಗಂಟು ತಂದು ಕಟ್ಟೆಯ ಮೇಲೆ ಒಗೆಯುತ್ತಾನೆ. ಅಲ್ಲಿ ಗಿರಾಕಿ ಅರವತ್ತೆಂಟು ವರ್ಷದಿಂದ ಮತ್ತೆ ಮತ್ತೆ ಬರುತ್ತಿದ್ದಾನೆ. ಅಜ್ಜ ಮದುವೆಯಾದಾಗ ಬಂದ ಮೇಜಿಗೆ ಮೊಮ್ಮಗ ಬರುತ್ತಾನಂತೆ. ಈ ಗಾಳಿಯಲ್ಲಿ ಎದ್ದ ಅಂಗಡಿಗಳೆಲ್ಲ ಬಹುಮಟ್ಟಿಗೆ 1970-80ರ ದಶಕಗಳಲ್ಲಿ ಮುಚ್ಚಿದವು. ಇದು ಉಳಿಯಿತು. 2014ರಲ್ಲಿ ಅಲ್ಲಿಯ ಸರಕಾರ ಇದನ್ನು ದೇಶದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿತು.

ನಾವು ಮುಟ್ಟಿದಾಗ ಎಂಟಕ್ಕೆ ಇಪ್ಪತ್ತು ನಿಮಿಷ. ಹೊರಗೆ ಬೆಂಕಿಯ ದೀಪ, ಕಡಿದಾದ ಎತ್ತರದ ಮಾಡು, ಒಳಗೆ ಹೆಜ್ಜೆ ಇಟ್ಟರೆ ಮಬ್ಬುಗತ್ತಲೆ. ಒಂದು ಕಡೆ ಮದ್ಯದ ಕೋಣೆ ಹಳೆಯ ಹಡಗಿನ ಹಾಗೆ ಕಟ್ಟಿದ್ದು, ಅದರ ಕಿಟಕಿಗಳ ಮೇಲೆ ಸದಾ ಮಳೆ ಬಿದ್ದಂತೆ ನೀರು ಇಳಿಯುತ್ತಿರುತ್ತದೆ. ಹೊರಗೆ ನಿಜವಾದ ಮಳೆಯಲ್ಲಿ ತೊಯ್ದು ಬಂದ ನಮಗೆ ಅದನ್ನು ಕಂಡು ನಗು ಬಂತು. ಊಟದ ಕೋಣೆಗಳಿಗೆ ದ್ವೀಪಗಳ ಹೆಸರು. ಹಿತ್ತಲಲ್ಲಿ ಗಿಡ-ಬಳ್ಳಿ, ಸಣ್ಣ ಜಲಪಾತ, ಅವುಗಳ ನಡುವೆ ದೊಡ್ಡ ಕಣ್ಣು, ದೊಡ್ಡ ಬಾಯಿಯ ಮರದ ಮೂರ್ತಿಗಳು. ಇವಕ್ಕೆ 'ಟಿಕಿ' ಎನ್ನುತ್ತಾರೆ. ನಮ್ಮ ಮನೆಯವರು ಒಂದರ ಮುಂದೆ ನಿಂತು "ಇವು ದೇವರೇನೋ?" ಎಂದು ಮೊಮ್ಮಗನನ್ನು ಕೇಳಿದರು. ಅವನು "ಡೆಕೊರೇಶನ್ ಆಯಿ" ಎಂದ. ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ ಟಿಕಿ ಎಂದರೆ ಮೊದಲ ಮನುಷ್ಯ. ಬೇರೆ ದ್ವೀಪಗಳಲ್ಲಿ ಹಿರಿಯರ, ದೇವರ ಮೂರ್ತಿಗಳಿಗೆ ಇಂಥದೇ ಹೆಸರುಂಟು. ಅಂಥ ರೂಪಗಳನ್ನು ತಂದು ಮದ್ಯದ ಬಟ್ಟಲಿಗೂ ಕೆತ್ತುವ ಈ ಇಡೀ ಶೋಕಿ ಮಾತ್ರ ನಮ್ಮ ಮನಸ್ಸಿಗೆ ಬರಲಿಲ್ಲ. ನಾಳೆ ಯಾರೋ ಗೊಮ್ಮಟನ ರೂಪದ ಬಟ್ಟಲು ಮಾಡಿದರೆ ನಮಗೆ ಹೇಗಾದೀತು? ಆ ದ್ವೀಪಗಳ ಜನರಲ್ಲೂ ಇದನ್ನು ಆಕ್ಷೇಪಿಸುವವರು ಇದ್ದಾರೆ. ಮನೆಯವರು ಹೇಗೂ ಇರಲಿ ಎಂದು ಕೈ ಮುಗಿದೇ ಮುಂದೆ ನಡೆದರು.

ಕೂತದ್ದಾಯಿತು. ಮಗು ಅನಾನಸಿನ ರಸ ತರಿಸಿಕೊಂಡ. ಅದರ ಮೇಲಿನ ಕಾಗದದ ಸಣ್ಣ ಛತ್ರಿ ನಮ್ಮ ಮನೆಯವರ ಪರ್ಸಿಗೆ ಹೋಯಿತು, ಈಗ ಅಕ್ಕಲಕೋಟದ ಗಾಜಿನ ಕಪಾಟಿನಲ್ಲಿದೆ. ನಮ್ಮ ಕಣ್ಣು ಗಡಿಯಾರದ ಮೇಲೆ. ಬಿಸಿ ಅನ್ನ, ಹಸಿರು ಕಾಯಿಪಲ್ಲೆ, ಹಣ್ಣು, ಸೊಸೆ ಹೇಳಿದಂತೆಯೇ ಅಚ್ಚುಕಟ್ಟಾಗಿ ಮಾಡಿ ಪ್ರತ್ಯೇಕ ತಟ್ಟೆಗಳಲ್ಲಿ ತಂದಿಟ್ಟರು. ಹೊತ್ತು ಮುಳುಗಿದ್ದು ಎಂಟು ಹದಿನಾಲ್ಕಕ್ಕೆ. ತಟ್ಟೆ ಮೇಜಿಗೆ ಬಂದದ್ದು ಎಂಟು ಇಪ್ಪತ್ತಕ್ಕೆ. ಬಡಿಸಿದವರ ತಪ್ಪು ಎಳ್ಳಷ್ಟೂ ಇಲ್ಲ. ಆ ಆರು ನಿಮಿಷವೂ, ಅದರ ಹಿಂದಿನ ಮುಕ್ಕಾಲು ತಾಸೂ ನಮ್ಮ ಖಾತೆಯವು.

ನಾವಿಬ್ಬರೂ ಕೈ ತೊಡೆಯ ಮೇಲೆ ಇಟ್ಟು ಕೂತೆವು. ರಾತ್ರಿ ಉಣ್ಣದೆ ಇರುವುದು ನಮಗೆ ಕಷ್ಟವಲ್ಲ. ಚಿಕ್ಕಂದಿನಿಂದ ಬಂದದ್ದು. ಕಷ್ಟವಾದದ್ದು ಸೊಸೆಯ ಮುಖ ನೋಡುವುದು. ಮೂರು ಸಲ ಫೋನು ಮಾಡಿದ ಹುಡುಗಿ, ತಟ್ಟೆಯನ್ನೇ ನೋಡುತ್ತ ಕೂತಿದ್ದಳು.

ಅಷ್ಟರಲ್ಲಿ ಮಗ ತುತ್ತು ಎತ್ತಿದವನು ಅರ್ಧಕ್ಕೇ ನಿಲ್ಲಿಸಿ ನಮ್ಮನ್ನು ನೋಡಿದ. ಅವನು ಅಲ್ಲಿ ರಾತ್ರಿ ಉಣ್ಣುತ್ತಾನೆಂದು ನಮಗೆ ಗೊತ್ತಿತ್ತು. ಕೆಲಸದಿಂದ ಬರುವುದೇ ಏಳೂವರೆಗೆ, ಚಳಿಗಾಲದಲ್ಲಿ ಅಲ್ಲಿ ಐದೂವರೆಗೆಲ್ಲ ಕತ್ತಲೆ. ನಮಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಆದರೆ ಹದಿನಾಲ್ಕು ವರ್ಷದಲ್ಲಿ ನಮ್ಮ ಕಣ್ಣೆದುರಿಗೆ ಒಂದು ದಿನವೂ ಕತ್ತಲಾದ ಮೇಲೆ ಅವನು ಬಾಯಿಗೆ ಏನೂ ಹಾಕಿರಲಿಲ್ಲ. ಈ ಮೂರು ವಾರವೂ ಫೋನಿನ ನೆಪ ಮಾಡಿ ಎದ್ದು ಅಡಿಗೆಮನೆಗೆ ಹೋಗುತ್ತಿದ್ದ. ನಲವತ್ತು ದಾಟಿದ ಮನುಷ್ಯ, ಕೈಯಲ್ಲಿ ಚಮಚ ಹಿಡಿದು ಶಾಲೆಯ ಹುಡುಗನ ಹಾಗೆ ಕೂತಿದ್ದ.

"ಉಣ್ಣಪಾ, ಆರಿ ಹೋಗ್ತದ" ಎಂದೆವು. ಅಷ್ಟೇ ಆಡಿದ್ದು. ನಮ್ಮ ತಟ್ಟೆಯನ್ನೂ ಅವನ ಕಡೆ ಸರಿಸಿದೆವು.

ಅವನು ತಲೆ ತಗ್ಗಿಸಿ ಉಂಡ. ಮೊಮ್ಮಗ ಮಾತ್ರ ತಾಯಿಯ ಫೋನಿನಲ್ಲಿ ಏನೋ ಒತ್ತುತ್ತ, "ಅಜ್ಜಾ! ಅಕ್ಕಲಕೋಟದಾಗ ಈಗ ಮುಂಜಾನಿ ಆರಕ್ಕ ಹತ್ತು ನಿಮಿಷ ಅದ. ಸೂರ್ಯ ಈಗs ಹುಟ್ಟ್ಯಾನ. ನೀವು ಅಕ್ಕಲಕೋಟದವರು, ನೀವು ಉಣ್ಣಬಹುದು!" ಎಂದ. ಲೆಕ್ಕ ನೋಡಿದರೆ ನಿಮಿಷಕ್ಕೆ ಸರಿಯಾಗಿತ್ತು. ವ್ಯಾಪಾರಿಯ ಮೊಮ್ಮಗನಲ್ಲವೇ!

"ಹೊತ್ತು ಹುಟ್ಟಿ ಎರಡು ಘಳಿಗಿ ಆಗಬೇಕೋ, ಆಮ್ಯಾಲ" ಎಂದೆವು.

"ಘಳಿಗಿ ಅಂದ್ರ?"

"ಇಪ್ಪತ್ನಾಕು ನಿಮಿಷ."

ಅವನು ಬೆರಳು ಮಡಚಿ "ಹಂಗಾರ ಒಂಬತ್ತೂ ಎಂಟಕ್ಕ" ಎಂದು ನಿರ್ಣಯ ಕೊಟ್ಟ. ಆಗ ಸೊಸೆ ನಕ್ಕಳು. ಆ ನಗು ಬರುವವರೆಗೆ ನಮಗೆ ಉಸಿರು ಕಟ್ಟಿದಂತಿತ್ತು ಎಂದು ಈಗ ಬರೆಯಬಹುದು.

ಆಮೇಲೆ ಡೋಲು ಬಡಿಯತೊಡಗಿದವು.

ಕುಣಿತದ ಬಗ್ಗೆ ನಮಗೆ ಹೆಚ್ಚು ತಿಳಿಯದು, ಮ್ಯಾಟ್ರಿಕ್ ಪಾಸಾಗಿ ಗಜ ಹಿಡಿದವರು ನಾವು. ಆದರೂ ಹೇಳುತ್ತೇವೆ, ಆ ಮನೆಯಲ್ಲಿ ಚೀಟಿಗೆ ತಕ್ಕ ಮಾಲು ಎಂದರೆ ಇದೇ. 1960ರ ದಶಕದ ಆರಂಭದಿಂದ ಈ ಆಟ ಅಲ್ಲಿ ನಡೆದು ಬಂದಿದೆ. ತಾಹಿತಿ ದ್ವೀಪದಿಂದ ಕುಣಿಯಲು ಬಂದ ಮಿರೇಯ್ ಎಂಬ ಹೆಣ್ಣುಮಗಳು ಮಾಲಿಕ ಬಾಬ್ ಥಾರ್ನ್‌ಟನ್‌ನನ್ನು ಮದುವೆಯಾಗಿ, ಕುಣಿತ ಕಲಿಸುವುದು, ಉಡುಪು ಹೊಂದಿಸುವುದು ಎಲ್ಲವನ್ನೂ ದಶಕಗಟ್ಟಲೆ ತಾನೇ ನೋಡಿಕೊಂಡಳು. 1989ರಲ್ಲಿ ಬಾಬ್ ತೀರಿಕೊಂಡ ಮೇಲೆ ಮಕ್ಕಳ ಜೊತೆ ಇಡೀ ಮನೆಯನ್ನೇ ನಡೆಸಿದಳು. ನೋಡಿ, ಇಲ್ಲಿ ಕುಣಿಯಲು ಬಂದವಳೇ ಮನೆಯನ್ನು ಉಳಿಸಿದಳು.

ತಾಹಿತಿಯ ಕುಣಿತ ಬಲು ಜೋರು. ಮೇಲಿನ ಮೈ ಅಲುಗದೆ ಸೊಂಟ ಮಾತ್ರ ಡೋಲಿನ ಪೆಟ್ಟಿಗೆ ಪೆಟ್ಟು ಕೂಡಿಸಿ ಆಡುತ್ತದೆ. ನಮ್ಮ ಮನೆಯವರು ಮೊದಲು ಸೆರಗು ಬಾಯಿಗೆ ಇಟ್ಟು ಕೆಳಗೆ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ "ಏನ್ರೀ, ಜ್ವಾಳದ ಹಿಟ್ಟು ಜರಡಿ ಹಿಡದಂಗ ಅದ ನೋಡ್ರಿ, ಎಷ್ಟು ವರ್ಷದ ರೂಢಿ ಬೇಕೋ ಏನೋ" ಎಂದರು. ಹವಾಯಿಯ ಹೂಲಾ ಹಾಗಲ್ಲ, ನಿಧಾನ. ಕೈಯೇ ಕಥೆ ಹೇಳುತ್ತದೆ. ಅಲೆ, ಗಾಳಿ, ಹೂವು ಎಲ್ಲ ಬೆರಳಲ್ಲಿ. ಪಾದ್ರಿಗಳು ಬಂದ ಕಾಲದಲ್ಲಿ ಇದು ಅಸಭ್ಯವೆಂದು ತುಳಿಯಲ್ಪಟ್ಟಿತ್ತು, 1874ರಿಂದ 1891ರವರೆಗೆ ಆಳಿದ ಅವರ ಅರಸ ಕಲಾಕೌವಾ ಮತ್ತೆ ಅದಕ್ಕೆ ಮಾನ ತಂದುಕೊಟ್ಟ. ಮಧ್ಯಾಹ್ನ ಅದೇ ಮಾತನ್ನು ನಾವೂ ಆಡಿದ್ದೆವಲ್ಲ ಎಂದು ಮನಸ್ಸಿಗೆ ತಟ್ಟಿತು. ಮೈ-ಕೈ ಎಂದು ಮನೆಯವರು ನಕ್ಕದ್ದು ಸರಿಯಾಗಿಯೇ ಇತ್ತು, ತಾಹಿತಿಯದು ಮೈ, ಹವಾಯಿಯದು ಕೈ.

ನಡುವೆ ಗಿರಾಕಿಗಳಲ್ಲಿ ಕೆಲವರನ್ನು ಕರೆದು ಕುಣಿಸಿದರು. ಸೊಸೆ ಇಳಕಲ್ಲ ಸೀರೆಯಲ್ಲಿ ಮಗನ ಕೈ ಹಿಡಿದು ಹೋಗಿ ಎರಡು ಹೆಜ್ಜೆ ಹಾಕಿ ಬಂದಳು. ಸೀರೆ ನಮ್ಮ ಅಂಗಡಿಯದು. ದೀಪದ ಬೆಳಕಿನಲ್ಲಿ ಅದರ ಕೆಂಪು ಟೋಪು ಸೆರಗು ಎಷ್ಟು ಚಂದ ಕಂಡಿತೆಂದು ವ್ಯಾಪಾರದವರಿಗೆ ಮಾತ್ರ ಹೇಳಬಹುದು.

ಕಡೆಗೆ ಬೆಂಕಿಯ ಕತ್ತಿ. ಎರಡೂ ತುದಿಗೆ ಬೆಂಕಿ ಹಚ್ಚಿದ ಕತ್ತಿಯನ್ನು ತಿರುಗಿಸಿ, ಮೇಲಕ್ಕೆ ಒಗೆದು ಹಿಡಿಯುತ್ತಾರೆ. ಕತ್ತಿಯ ಕುಣಿತ ಸಮೋವಾದವರದು, ಹಳೆಯದು. ಅದಕ್ಕೆ ಬೆಂಕಿ ಹಚ್ಚಿದ್ದು ಮಾತ್ರ 1946ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಫ್ರೆಡ್ಡಿ ಲೆಟುಲಿ ಎಂಬ ಸಮೋವಾದವನು. ಅವನಿಗೆ ಆ ಯೋಚನೆ ಬಂದದ್ದು ಅಲ್ಲಿ ಬೆಂಕಿ ನುಂಗುವ ಹಿಂದೂ ಆಟಗಾರನೊಬ್ಬನನ್ನು ಕಂಡು ಎಂದು ಹೇಳುತ್ತಾರೆ. ಎಲ್ಲಿಂದ ಎಲ್ಲಿಗೆ! ಮೊಮ್ಮಗ ನಮ್ಮ ತೋಳು ಬಿಗಿಹಿಡಿದು ನೋಡುತ್ತಿದ್ದ. ದೀಪ ಹತ್ತಿದ ಮೇಲೆ ಫೋನು ತೋರಿಸಿದ. "ಅಜ್ಜಾ, ಒಂಬತ್ತೂ ಎಂಟು ಆಗಿ ಹೋತು." ಅವನ ತಾಯಿ "ಸಾಕು ಬಿಡೋ" ಎಂದಳು.

ಬಿಲ್ಲು ಮಗ ತೋರಿಸಲಿಲ್ಲ, ನಾವೂ ಕೇಳಲಿಲ್ಲ.

ಹೊರಗೆ ಬಂದು ಗಾಡಿಗೆ ಕಾಯುವಾಗ ತಲೆಯೆತ್ತಿ ಆ ಎತ್ತರದ ಮಾಡು ನೋಡಿದೆವು. ಮಗ ಹೇಳಿದ. 2020ರ ಅಕ್ಟೋಬರಿನಲ್ಲಿ ಭಾರಿ ಮಳೆಗೆ ಅಡಿಗೆಮನೆಯ ಮೇಲಿನ ಮಾಡು ಕೆಟ್ಟು ನೀರು ನುಗ್ಗಿ ಇಡೀ ಮನೆ ಮುಚ್ಚಬೇಕಾಯಿತು. ಮೊದಲೇ ಕೊರೋನಾದ ವರ್ಷ. ಮುಗಿಯಿತು ಎಂದೇ ಜನ ತಿಳಿದರಂತೆ. 2021ರಲ್ಲಿ ಹೊರಗಿನವರು ಪಾಲುದಾರರಾಗಿ ಬಂದರು, ಥಾರ್ನ್‌ಟನ್ ಮನೆಯವರು ತಮ್ಮ ಒಂದು ಪಾಲು ಇಟ್ಟುಕೊಂಡರು. ದುರಸ್ತಿಗೇ ವರ್ಷಗಳು ಹಿಡಿದು 2024ರ ನವೆಂಬರಿನಲ್ಲಿ ಮತ್ತೆ ಬಾಗಿಲು ತೆರೆಯಿತು. ನಾಲ್ಕು ವರ್ಷ ಗಲ್ಲಾ ಮುಚ್ಚಿದ ಅಂಗಡಿಗೆ ಗಿರಾಕಿ ತಿರುಗಿ ಬರುವುದೆಂದರೆ ಸಣ್ಣ ಮಾತಲ್ಲ.

ಗಾಡಿಯಲ್ಲಿ ಹಿಂದೆ ಮೂವರೂ ನಿದ್ದೆ ಹೋದರು. ಮಗ ರಸ್ತೆ ನೋಡುತ್ತಲೇ ಹೇಳಿದ. "ಅಪ್ಪಾ, ನಾ ಬಂದು ಗಾದಿ ಮ್ಯಾಲ ಕುಂಡ್ರೂದಿಲ್ಲರಿ. ನಿಮಗೂ ಗೊತ್ತದ."

"ಗೊತ್ತದ."

"ಆದರ ಮಾರಬ್ಯಾಡ್ರಿ. ಮೂವತ್ತೊಂದು ವರ್ಷ ನಮ್ಮಲ್ಲಿ ಗಜ ಹಿಡದವರಿಗೆ ಒಂದು ಪಾಲು ಕೊಟ್ಟು ನೋಡ್ರಿ. ಕಾಕಾ ಅಂತ ಅವರ ಹೆಗಲಮ್ಯಾಲ ಆಡಿದಾಂವ ನಾ. ಅವರ ಮಗನೂ ಅಂಗಡ್ಯಾಗs ಅದಾನ."

ಜಾತಿಯಲ್ಲಿ ಹೊರಗಿನವರು, ಪಾಲು ಎಂದರೆ ಭಾವಬಂಧ ಏನೆನ್ನುತ್ತಾರೆ ಎಂದು ಬಾಯಿಗೆ ಬಂತು. ಆಡಲಿಲ್ಲ. ಮುಕ್ಕಾಲು ತಾಸು ತಕರಾರು ಮಾಡಿ ಊಟ ಕಳೆದುಕೊಂಡ ಮೇಲೆ ಅಂದು ರಾತ್ರಿ ಇನ್ನೊಂದು ತಕರಾರಿಗೆ ನಮ್ಮಲ್ಲಿ ತ್ರಾಣವಿರಲಿಲ್ಲ ಎನ್ನಿ.

ಮನೆ ಮುಟ್ಟಿ ಎಲ್ಲರೂ ಮಲಗಿದರು. ನಮಗೆ ನಿದ್ದೆ ಹತ್ತಲಿಲ್ಲ. ಹನ್ನೆರಡು ಗಂಟೆಗೆ ಎದ್ದು ಹೊರಗಿನ ಕಟ್ಟೆಯ ಮೇಲೆ ಕೂತು ಅಂಗಡಿಗೆ ಫೋನು ಹಚ್ಚಿದೆವು. ಅಲ್ಲಿ ಮುಂಜಾನೆ ಒಂಬತ್ತೂವರೆ, ಶಟರ್ ಎತ್ತುವ ಹೊತ್ತು.

"ಧಣ್ಯಾರ, ಆರಾಮ್ ಅದೀರಿ? ಏನು ಈ ಹೊತ್ತಿನ್ಯಾಗ?"

"ಆರಾಮ. ಮಳಿ ಬಂತೇನು?"

"ರಾತ್ರಿ ಜೋರು ಆತ್ರಿ. ಗಲ್ಲಾದ ಮ್ಯಾಲ ಸೋರಲಿಕ್ಕತ್ತದ. ಬುಟ್ಟಿ ಇಟ್ಟೀವ್ರಿ."

"ಬುಟ್ಟಿ ಸಾಕು. ಇವತ್ತs ಮಿಸ್ತ್ರಿನ ಕರಸು. ಹಳೇ ಪತ್ರಾ ಎಲ್ಲಾ ತೆಗಿಸಿ ಹೊಸಾವು ಹಾಕ್ಸು. ದಪ್ಪನ್ನವು ನೋಡು."

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಎಲ್ಲಾನೂ ಏನ್ರಿ, ಗಲ್ಲಾದ ಮ್ಯಾಲಿಂದಷ್ಟ?" ಎಂದು ಕೇಳಿದರು.

"ಎಲ್ಲಾನೂ" ಎಂದೆವು.